ನಮ್ಮ ನೋಟೀಸು ಅವಳ ಫೋನಿಗೆ ಯಾಕೆ ಓದಲು ಬರುವುದಿಲ್ಲ?

ಪ್ರಶ್ನೆ: ನಾನು ಕಾರವಾರ ಹತ್ತಿರದ ಒಂದು ಕ್ಯಾಂಪಸ್‌ನಲ್ಲಿ ಉಪನ್ಯಾಸಕಿ. ಈ ವರ್ಷ ನಮ್ಮಲ್ಲಿ ಪೂರ್ತಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಸೇರಿದ್ದಾಳೆ. ಕಿವಿ ಸರಿಯಾಗಿ ಕೇಳದ ಒಬ್ಬ ಹುಡುಗನೂ ಇದ್ದಾನೆ. ಇಬ್ಬರ ಹತ್ತಿರವೂ ಸ್ಮಾರ್ಟ್‌ಫೋನ್ ಇದೆ. ಅವಳ ಫೋನು ಅಕ್ಷರಗಳನ್ನು ಓದಿ ಹೇಳುತ್ತದೆ. ಆದರೂ ನಾವು ಕಳಿಸುವ ನೋಟ್ಸು, ನೋಟೀಸು ಮುಕ್ಕಾಲು ಭಾಗ ತನಗೆ ತಿಳಿಯುವುದಿಲ್ಲ ಎನ್ನುತ್ತಾಳೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಡಿಜಿಟಲ್ ಸುಗಮ್ಯತೆಯ ಬಗ್ಗೆ ಜಾಗೃತಿ ಕಾರ್ಯಕ್ರಮ ಮಾಡಿ ಎಂದು ಪ್ರಾಂಶುಪಾಲರು ನನಗೆ ಹೇಳಿದ್ದಾರೆ. ಬ್ಯಾನರ್, ಭಾಷಣ ಎಲ್ಲ ಮಾಡಬಹುದು. ಅದರಿಂದ ಅವಳಿಗೆ ಏನು ಸಿಗುತ್ತದೆ ಎಂಬುದೇ ನನ್ನ ಚಿಂತೆ. ದೊಡ್ಡ ಬಜೆಟ್ ಇಲ್ಲ. ಎಲ್ಲಿಂದ ಶುರು ಮಾಡಲಿ? ಸಹೋದ್ಯೋಗಿಗಳನ್ನು ಹೇಗೆ ಒಪ್ಪಿಸಲಿ?

ಉತ್ತರ: ಇವತ್ತು ಸಂಜೆ ನೀವು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಏನು ಕಳಿಸುತ್ತೀರೋ ಅಲ್ಲಿಂದ ಶುರು ಮಾಡಿ. ವೆಬ್‌ಸೈಟ್ ಆಮೇಲೆ. ಬ್ಯಾನರ್ ಅದಕ್ಕೂ ಆಮೇಲೆ. ಸುಗಮ್ಯತೆ ಅಂದರೆ ಕೊನೆಗೆ ಇಷ್ಟೇ: ನೀವು ಬರೆದದ್ದು ಅವಳ ಕಿವಿಗೆ ಎಟುಕಬೇಕು, ನೀವು ಹೇಳಿದ್ದು ಅವನ ಕಣ್ಣಿಗೆ ಎಟುಕಬೇಕು. ಕಡತ ಹುಟ್ಟುವ ಹೊತ್ತಿನಲ್ಲೇ ಅದು ಆಗಬೇಕು. ಆಮೇಲೆ ತೇಪೆ ಹಾಕುವುದು ಕಷ್ಟ.

ನನ್ನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಕುಮಟಾ ಕಡೆಯವನು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾನು ಪದವಿ ಓದುವಾಗ ಅಕ್ಕ ಪಾಠಗಳನ್ನು ಜೋರಾಗಿ ಓದಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದಳು. ಮನೆ ಕೆಲಸ ಮುಗಿಸಿ, ರಾತ್ರಿ, ಮಳೆಯ ಸದ್ದು ಕಡಿಮೆಯಾದ ಮೇಲೆ. ಒಂದು ಸಲ ಪರೀಕ್ಷಾ ಶುಲ್ಕದ ನೋಟೀಸು ಬೋರ್ಡಿಗೆ ಅಂಟಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಯ ದಿನ ದಾಟಿತು. ದಂಡ ಕಟ್ಟಲು ಅಪ್ಪ ಸಾಲ ತಂದರು. ಆಗ ನನ್ನ ಹತ್ತಿರ ಓದಿ ಹೇಳುವ ಫೋನು ಇರಲಿಲ್ಲ. ನಿಮ್ಮ ವಿದ್ಯಾರ್ಥಿನಿಯ ಹತ್ತಿರ ಇದೆ. ಆದರೂ ಅವಳು ನನ್ನ ಜಾಗದಲ್ಲೇ ನಿಂತಿದ್ದಾಳೆ ಅಂದರೆ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಈಗ ಅಡ್ಡ ನಿಂತಿರುವುದು ಬಹಳ ಸಣ್ಣ ಸಂಗತಿಗಳು.

ಅವಳಿಗೆ ಓದಲು ಬಾರದ ಕಡತಗಳನ್ನು ಒಮ್ಮೆ ಬಿಡಿಸಿ ನೋಡಿ. ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು ಫೋಟೊ. ಸಹಿ, ಮೊಹರು ಹಾಕಿದ ಸುತ್ತೋಲೆಯನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ಗುಂಪಿಗೆ ಹಾಕುತ್ತೇವೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆಯ ಸುದ್ದಿ ಹೀಗೇ ಓಡಾಡುತ್ತದೆ, ಅಲ್ವಾ? ಕಣ್ಣಿರುವವರಿಗೆ ಅದು ಪತ್ರ. ಪರದೆಯ ಅಕ್ಷರ ಓದಿ ಹೇಳುವ ತಂತ್ರಾಂಶಕ್ಕೆ, ಅಂದರೆ ಸ್ಕ್ರೀನ್ ರೀಡರ್‌ಗೆ, ಅದು ಬರೀ ‘ಫೋಟೊ’. ಬೆಳಗ್ಗೆ ಆರಕ್ಕೆ ಎದ್ದು, ಕೋಲು ಹಿಡಿದು, ಜಡಿಮಳೆಯಲ್ಲಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿ ಯಾರೋ ‘ಇವತ್ತು ರಜೆ ಅಲ್ವೇನೇ’ ಅಂದಾಗ ಅವಳಿಗೆ ತಿಳಿಯಬೇಕು. ಇದಕ್ಕೆ ಪರಿಹಾರ ಒಂದು ಸಾಲು. ಫೋಟೊ ಹಾಕಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ಟೈಪ್ ಮಾಡಿ: ‘ನಾಳೆ ಗುರುವಾರ ಮಳೆಯ ಕಾರಣ ರಜೆ. ಆಂತರಿಕ ಪರೀಕ್ಷೆ ಶನಿವಾರಕ್ಕೆ ಮುಂದೂಡಿದೆ.’ ಅಷ್ಟೇ.

ಎರಡನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಹೆಸರು ಪಿಡಿಎಫ್ ಆದರೂ ಒಳಗೆ ಇರುವುದು ಫೋಟೊಗಳ ಕಟ್ಟು. ಹಳೆಯ ನೋಟ್ಸು, ಪುಸ್ತಕದ ಪುಟಗಳು, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಎಲ್ಲ ಹೀಗೇ ಇರುತ್ತವೆ.

ಮೂರನೆಯದು ಕನ್ನಡದಂಥ ನಮ್ಮ ಭಾಷೆಗಳ ವಿಶೇಷ ಸಮಸ್ಯೆ. ಹೊರದೇಶದ ಕೈಪಿಡಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಚೇರಿಗಳಲ್ಲಿ ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಟೈಪ್ ಮಾಡುವುದು ವಾಡಿಕೆ. ಅವು ಇಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಇಷ್ಟು ಬೇಗ ಬರುತ್ತಿರಲಿಲ್ಲ. ಅವುಗಳ ಹಳೆಯ ಅಕ್ಷರಶೈಲಿಗಳು ಬಂದ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಅಕ್ಷರವೇ ಗೊತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದರು. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಇಟ್ಟು, ಮೇಲೆ ಕನ್ನಡದ ರೂಪ ತೊಡಿಸುವುದು. ಪರದೆಯ ಮೇಲೆ ‘ಕನ್ನಡ’ ಎಂದು ಚೆನ್ನಾಗಿ ಕಾಣುತ್ತದೆ. ಆದರೆ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಆ ಮೂರಕ್ಷರದ ಒಳಗೆ ಇರುವುದು ಇಷ್ಟು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೆರೆ ಇರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ಸ್ಕ್ರೀನ್ ರೀಡರ್‌ಗೆ ಮೇಲಿನ ವೇಷ ಕಾಣುವುದಿಲ್ಲ. ಅದು ಒಳಗಿರುವುದನ್ನು ಓದುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಪಂಪನ ಪದ್ಯದ ಭಾವಾರ್ಥ ಕೇಳಬೇಕಾದ ಜಾಗದಲ್ಲಿ ‘ಪಿ ಎ ಪೌಂಡ್ ಎ’ ಎಂದು ಪುಟಗಟ್ಟಲೆ ಕೇಳುತ್ತದೆ. ನಾನು ಇದನ್ನು ಎಷ್ಟೋ ವರ್ಷ ಕೇಳಿದ್ದೇನೆ. ನನ್ನ ಭಾಷೆಯ ಕಡತ ನನಗೇ ಗೊತ್ತಾಗದೆ ಹೋಗುವುದು ಬೇರೆ ಬಗೆಯ ನೋವು.

ಉಪಾಯ ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ. ಅದರಲ್ಲಿ ‘ಕ’ ಅಂದರೆ ಒಳಗೂ ಹೊರಗೂ ‘ಕ’. ತುಂಗಾ, ನಿರ್ಮಲಾ, ನೋಟೊ ಸಾನ್ಸ್ ಕನ್ನಡ ಇವೆಲ್ಲ ಯುನಿಕೋಡ್ ಅಕ್ಷರಶೈಲಿಗಳು. ಇಲ್ಲಿ ನಿಮಗೆ ನಿಜವಾಗಿ ಬೇಕಾಗುವುದು ನಿಮ್ಮ ಕಚೇರಿಯ ಟೈಪಿಸ್ಟ್ ಸ್ನೇಹ. ಹತ್ತಾರು ವರ್ಷ ನುಡಿಯಲ್ಲಿ ಬೆರಳು ಪಳಗಿದವರಿಗೆ ‘ನಾಳೆಯಿಂದ ಯುನಿಕೋಡ್’ ಅಂದರೆ ಗಾಬರಿಯಾಗುತ್ತದೆ. ಮತ್ತೆ ಮೊದಲಿಂದ ಕಲಿಯಬೇಕೇನೋ ಎಂಬ ಭಯ. ಅವರಿಗೆ ಮೊದಲು ಹೇಳಬೇಕಾದ ಮಾತು: ಕೀಲಿಮಣೆ ಬದಲಾಗುವುದಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸದಲ್ಲೇ ಯುನಿಕೋಡ್ ಟೈಪ್ ಮಾಡಬಹುದು. ನುಡಿಯ ಈಚಿನ ಆವೃತ್ತಿಗಳಲ್ಲೇ ಯುನಿಕೋಡ್ ಆಯ್ಕೆ ಇದೆ. ಅದನ್ನು ಒತ್ತಿ, ಅಕ್ಷರಶೈಲಿ ಬದಲಿಸಿದರೆ ಮುಗಿಯಿತು. ಇಷ್ಟು ಕೇಳಿದ ಮೇಲೆ ಅರ್ಧ ವಿರೋಧ ಕರಗಿದ್ದನ್ನು ನಾನು ನೋಡಿದ್ದೇನೆ.

ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳು ಇವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ನೋಡಿ. ‘ಸೂರ್ಯ’, ‘ಕಾರ್ಯ’, ‘ವರ್ಷ’ ಇಂಥಲ್ಲಿ ಒತ್ತು ಜಾಗ ತಪ್ಪಿರುವ ಸಾಧ್ಯತೆ ಜಾಸ್ತಿ. ಸಂಖ್ಯೆಗಳನ್ನೂ ನೋಡಿ. ಮತ್ತೆ ಒಂದು ಕಿವಿಮಾತು: ಎಲ್ಲ ಹಳೆಯ ಕಡತಗಳನ್ನೂ ತಿರುಗಿಸಲು ಹೋಗಬೇಡಿ. ಈ ಸೆಮಿಸ್ಟರ್‌ಗೆ ಬೇಕಾದದ್ದು ಮೊದಲು. ಉಳಿದದ್ದು ಕೇಳಿದಾಗ.

ಸ್ಕ್ಯಾನ್ ಪುಟಗಳಿಗೆ ಗೂಗಲ್ ಡ್ರೈವ್ ನೆರವಾಗುತ್ತದೆ. ಪುಟದ ಚಿತ್ರವನ್ನು ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನೇ ಗುರುತಿಸಿ ಕೊಡುತ್ತದೆ. ಅಚ್ಚು ಚೆನ್ನಾಗಿದ್ದರೆ ಫಲಿತಾಂಶ ಒಳ್ಳೆಯದು. ಮಾಸಿದ ಪುಟ, ಎರಡು ಕಾಲಂ, ಅಂಚಿನಲ್ಲಿ ಪೆನ್ನಿನ ಗುರುತು ಇದ್ದರೆ ತಪ್ಪುಗಳು ಹೆಚ್ಚು. ಕೈಬರಹದ ನೋಟ್ಸಿಗೆ ಇದನ್ನು ನಂಬಬೇಡಿ. ಅದನ್ನು ಯಾರಾದರೂ ಟೈಪ್ ಮಾಡಬೇಕು. ಅಥವಾ ನೀವೇ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ ಬರೆಸಬಹುದು. 2017ರಿಂದ ಗೂಗಲ್ ಕೀಬೋರ್ಡಿಗೆ ಕನ್ನಡ ಮಾತು ತಿಳಿಯುತ್ತದೆ. ಶಿರಸಿ, ಸಿದ್ದಾಪುರದ ಮನೆಮಾತು, ಕಾರವಾರದ ಕೊಂಕಣಿ ಎಳೆ ಎಲ್ಲ ಸೇರಿದರೆ ಅದು ತಡವರಿಸುತ್ತದೆ. ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ಸಾಕಷ್ಟು ಸರಿ ಬರೆಯುತ್ತದೆ.

ಈಗ ಒಂದು ಪರೀಕ್ಷೆ. ಇದನ್ನು ನಿಮ್ಮ ಎಲ್ಲ ಸಹೋದ್ಯೋಗಿಗಳಿಗೂ ಕಲಿಸಿ. ಕಳಿಸುವ ಮೊದಲು ಕಡತದಿಂದ ಒಂದು ಸಾಲು ಆರಿಸಿ, ನಕಲು ಮಾಡಿ, ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಸಾಲನ್ನು ಆರಿಸಲಿಕ್ಕೇ ಆಗದಿದ್ದರೆ ಅದು ಫೋಟೊ. ಇಂಗ್ಲಿಷ್ ಚಿಹ್ನೆಗಳ ರಾಶಿ ಬಂದರೆ ಹಳೆಯ ಅಕ್ಷರಶೈಲಿ. ಕನ್ನಡವೇ ಬಂದರೆ ಅವಳಿಗೂ ತಲುಪುತ್ತದೆ. ಅರ್ಧ ನಿಮಿಷದ ಕೆಲಸ.

ಕನ್ನಡ ಪಿಡಿಎಫ್‌ನಲ್ಲಿ ಇನ್ನೊಂದು ತೊಡಕು ಇದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿದ್ದರೂ ಪಿಡಿಎಫ್ ಆಗುವಾಗ ಒತ್ತಕ್ಷರ, ಕೊಂಬು, ದೀರ್ಘ ಕೆಲವೊಮ್ಮೆ ಅತ್ತಿತ್ತ ಹಾರುತ್ತವೆ. ನೋಡಲು ಸರಿ, ಕೇಳಲು ಗೊಂದಲ. ಅದಕ್ಕೆ ಪಿಡಿಎಫ್ ಜೊತೆ ವರ್ಡ್ ಕಡತವನ್ನೂ ಕಳಿಸಿ. ‘ವರ್ಡ್ ಕೊಟ್ಟರೆ ಯಾರಾದರೂ ತಿದ್ದುತ್ತಾರೆ’ ಎಂದು ಕೆಲವರು ಹಿಂಜರಿಯುತ್ತಾರೆ. ಅಧಿಕೃತ ಪ್ರತಿ ಪಿಡಿಎಫ್ ಇದ್ದೇ ಇರುತ್ತದಲ್ಲ. ಓದುವ ಪ್ರತಿ ವರ್ಡ್ ಇರಲಿ.

ವರ್ಡ್ ಕಡತದಲ್ಲಿ ತಲೆಬರಹಗಳಿಗೆ ಸುಮ್ನೆ ದಪ್ಪ ಅಕ್ಷರ ಮಾಡಬೇಡಿ. ಹೆಡಿಂಗ್ ಎಂಬ ಶೈಲಿಯನ್ನೇ ಹಾಕಿ. ಯಾಕೆ ಹೇಳುತ್ತೇನೆ ಕೇಳಿ. ನೀವು ಪುಸ್ತಕ ತೆರೆದರೆ ಕಣ್ಣು ನೇರ ಬೇಕಾದ ಅಧ್ಯಾಯಕ್ಕೆ ಹಾರುತ್ತದೆ. ನಾವು ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರುತ್ತೇವೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಅದಕ್ಕೆ ಒಂದೇ ಕೀಲಿ, ಎಚ್. ಹೆಡಿಂಗ್ ಶೈಲಿ ಇಲ್ಲದಿದ್ದರೆ ನಲವತ್ತು ಪುಟದ ನೋಟ್ಸನ್ನು ಮೊದಲ ಸಾಲಿನಿಂದ ಕೇಳುತ್ತಾ ಕೂರಬೇಕು. ನಾಳೆ ಪರೀಕ್ಷೆ ಇದ್ದಾಗ ಅದು ಏನು ಪಾಡು ಎಂದು ಯೋಚಿಸಿ.

ಚಿತ್ರಗಳಿಗೆ ವಿವರಣೆ ಬರೆಯಬೇಕು. ಇದು ಉಪನ್ಯಾಸಕರ ಕೆಲಸವೇ ಹೊರತು ಕಂಪ್ಯೂಟರ್ ಲ್ಯಾಬಿನವರದ್ದಲ್ಲ. ಯಾಕೆಂದರೆ ಆ ಚಿತ್ರ ಏನು ಕಲಿಸಲು ಅಲ್ಲಿದೆ ಎಂಬುದು ಪಾಠ ಮಾಡುವವರಿಗೇ ಗೊತ್ತು. ಜೀವಶಾಸ್ತ್ರದ ಸ್ಲೈಡ್‌ನಲ್ಲಿ ಕಾಳಿ ನದಿ ಕಡಲು ಸೇರುವ ಕಡೆಯ ಕಾಂಡ್ಲಾ ಗಿಡದ ಫೋಟೊ ಇದೆ ಅಂದುಕೊಳ್ಳಿ. ‘ಚಿತ್ರ 3’ ಎಂದರೆ ಏನೂ ತಿಳಿಯದು. ‘ಹಸಿರು ಗಿಡಗಳು, ನೀರು, ಮೋಡ’ ಎಂದರೂ ಪಾಠಕ್ಕೆ ಉಪಯೋಗವಿಲ್ಲ. ‘ಕಾಂಡ್ಲಾ ಗಿಡದ ಉಸಿರುಬೇರುಗಳು ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆ ಎದ್ದಿವೆ, ನೀರು ಇಳಿದಿದೆ’ ಎಂದರೆ ಪಾಠವೇ ಸಿಕ್ಕಿತು. ಇಂಥ ವಿವರಣೆ ಬರೆಯುತ್ತಾ ಹೋದರೆ ಯಾವ ಚಿತ್ರ ಸುಮ್ನೆ ಅಂದಕ್ಕೆ ಹಾಕಿದ್ದು ಎಂಬುದೂ ಗೊತ್ತಾಗುತ್ತದೆ. ಅದಕ್ಕೆ ವಿವರಣೆ ಬೇಡ.

ಸಹೋದ್ಯೋಗಿಗಳನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಇದು ನನಗೆ ಬಹಳ ಹತ್ತಿರದ ಪ್ರಶ್ನೆ.

ಜಾಗೃತಿ ಕಾರ್ಯಕ್ರಮ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಐದು ನಿಮಿಷ ಕತ್ತಲಲ್ಲಿ ಎಡವಿದವರಿಗೆ ಭಯ ಹುಟ್ಟುತ್ತದೆ, ಅಯ್ಯೋ ಪಾಪ ಅನಿಸುತ್ತದೆ. ಹುಟ್ಟಿನಿಂದ ಹೀಗೇ ಬದುಕಿದವರ ಜಾಣ್ಮೆ ಅವರಿಗೆ ತಿಳಿಯುವುದಿಲ್ಲ. ಮರುದಿನ ಅವರು ಮತ್ತೆ ಫೋಟೊ ಹಾಕುತ್ತಾರೆ.

ಅದರ ಬದಲು ಸ್ಟಾಫ್ ರೂಮಿನಲ್ಲಿ ಹದಿನೈದು ನಿಮಿಷ ಕೇಳಿ. ಒಂದು ಲ್ಯಾಪ್‌ಟಾಪ್‌ಗೆ ಎನ್‌ವಿಡಿಎ ಹಾಕಿಕೊಳ್ಳಿ. ಅದು ಪೂರ್ತಿ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್, 2006ರಲ್ಲಿ ಶುರು ಮಾಡಿದ ಕೆಲಸ ಅದು. ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ ಹಾಗೆ ಇರುತ್ತದೆ, ಎರಡು ದಿನದಲ್ಲಿ ಕಿವಿಗೆ ಒಗ್ಗುತ್ತದೆ. ಲ್ಯಾಪ್‌ಟಾಪ್ ಪರದೆಯನ್ನು ಗೋಡೆಗೆ ತಿರುಗಿಸಿ. ನಿಮ್ಮದೇ ಒಂದು ನೋಟ್ಸನ್ನು ಓದಿಸಿ. ನೆನಪಿಡಿ, ಬೇರೆಯವರ ಕಡತ ಬೇಡ, ನಿಮ್ಮದೇ ಇರಲಿ. ಯಾರಿಗೂ ಮುಖಭಂಗ ಆಗಬಾರದು. ಮೊದಲು ಹಳೆಯ ಅಕ್ಷರಶೈಲಿಯ ಪ್ರತಿ ಓದಿಸಿ. ಆಮೇಲೆ ಅದೇ ನೋಟ್ಸಿನ ಯುನಿಕೋಡ್ ಪ್ರತಿ. ಭಾಷಣ ಬೇಡ. ಮೊದಲ ಪ್ರತಿ ‘ಪಿ ಎ ಪೌಂಡ್’ ಅನ್ನುವಾಗ ಕೋಣೆ ನಗುತ್ತದೆ. ಎರಡನೆಯದು ಸ್ಪಷ್ಟ ಕನ್ನಡದಲ್ಲಿ ಪಾಠ ಹೇಳಲು ಶುರು ಮಾಡಿದಾಗ ಕೋಣೆ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ‘ನನ್ನದೂ ಹಾಗೇ ಇದೆಯಾ ನೋಡಿ’ ಎಂದು ಒಬ್ಬರಾದರೂ ಪೆನ್‌ಡ್ರೈವ್ ತೆಗೆಯುತ್ತಾರೆ. ಅವರನ್ನು ಹಿಡಿದುಕೊಳ್ಳಿ. ನಿಮ್ಮ ಕೆಲಸಕ್ಕೆ ಅವರೇ ಎರಡನೆಯವರು.

ಕೆಲವರು ‘ಒಬ್ಬಳಿಗಾಗಿ ಇಷ್ಟೆಲ್ಲಾ?’ ಅನ್ನಬಹುದು. ಅವರಿಗೆ ನಮ್ಮ ಜಿಲ್ಲೆಯ ಊರುಗಳನ್ನು ನೆನಪಿಸಿ. ಜೋಯಿಡಾದ ಕಾಡಿನೊಳಗೆ, ಯಲ್ಲಾಪುರ, ಸಿದ್ದಾಪುರದ ಒಳ ಹಳ್ಳಿಗಳಲ್ಲಿ ಇನ್ನೂ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಕ್ಕಳಿದ್ದಾರೆ. ಸ್ಕ್ಯಾನ್ ಮಾಡಿದ ಇಪ್ಪತ್ತು ಪುಟ ಹತ್ತಾರು ಎಂಬಿ ಆಗುತ್ತದೆ. ಅವರ ಫೋನಿನಲ್ಲಿ ಅದು ಇಳಿಯುವುದೇ ಇಲ್ಲ. ಅದೇ ಇಪ್ಪತ್ತು ಪುಟ ಟೈಪ್ ಮಾಡಿದರೆ ಕೆಲವು ನೂರು ಕೆಬಿ ಒಳಗೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಅಂಥ ಹೊತ್ತಿನಲ್ಲಿ ಕಾಲೇಜಿನ ಸುದ್ದಿ ತಲುಪಲು ಉಳಿಯುವ ದಾರಿ ಒಂದು ಸಣ್ಣ ಸಂದೇಶ ಮಾತ್ರ. ಅದು ಎಲ್ಲರಿಗೂ ಓದಲು ಬರಬೇಕಲ್ಲವೇ? ಅವಳಿಗೆಂದು ಟೈಪ್ ಮಾಡಿದ ನೋಟ್ಸು ಆ ಗುಡ್ಡದ ಮೇಲಿನ ಹುಡುಗನಿಗೂ ಇಳಿಯುತ್ತದೆ.

ಟೈಪ್ ಮಾಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಎನ್ನೆಸ್ಸೆಸ್ ಘಟಕದ ಮಕ್ಕಳು, ಬಿಸಿಎ ಮಕ್ಕಳು ಮಾಡಬಲ್ಲರು. ಗೂಗಲ್ ಗುರುತಿಸಿದ ಪಠ್ಯವನ್ನು ತಿದ್ದುವುದು ಅವರಿಗೂ ಒಳ್ಳೆಯ ಕನ್ನಡ ಅಭ್ಯಾಸ. ಆ ಗಂಟೆಗಳನ್ನು ಸೇವೆಯ ಲೆಕ್ಕಕ್ಕೆ ಹಿಡಿಯಿರಿ. ಒಬ್ಬರ ತಲೆಗೆ ಒಂದು ಅಧ್ಯಾಯಕ್ಕಿಂತ ಜಾಸ್ತಿ ಹೊರಿಸಬೇಡಿ. ಹಕ್ಕುಸ್ವಾಮ್ಯದ ಭಯ ಬೇಡ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ ವಿಕಲಚೇತನರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ಅವಕಾಶ ಕೊಟ್ಟಿದೆ. ಅಂಥ ಪ್ರತಿಯನ್ನು ಅವರಿಗಷ್ಟೇ ಕೊಡಿ, ಊರಿಗೆಲ್ಲ ಹಂಚಬೇಡಿ. ಅವಳನ್ನು ಸುಗಮ್ಯ ಪುಸ್ತಕಾಲಯಕ್ಕೂ ಸೇರಿಸಿ. ಅದು 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ. ಅಚ್ಚು ಓದಲಾಗದವರಿಗೆಂದೇ ಹಲವು ಭಾರತೀಯ ಭಾಷೆಗಳ ಪುಸ್ತಕಗಳು ಅಲ್ಲಿವೆ. ನಿಮ್ಮ ಗ್ರಂಥಪಾಲಕರು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದಲ್ಲಿ ನೋಂದಣಿ ಮಾಡಿಸಬಹುದು.

ಗ್ರಂಥಾಲಯದ ಎಲ್ಲ ಕಂಪ್ಯೂಟರ್‌ಗಳಿಗೂ ಎನ್‌ವಿಡಿಎ ಹಾಕಿಸಿ. ‘ವಿಕಲಚೇತನರ ಕೊಠಡಿ’ ಎಂದು ಒಂದು ಮೂಲೆ ಮಾಡಿ ಬೀಗ ಹಾಕಿಡುವುದು ಬೇಡ. ಆ ಬೀಗದ ಕೈ ಹಿಡಿದವರು ರಜೆ ಹಾಕಿದ ದಿನ ಅವಳೂ ರಜೆ ಹಾಕಬೇಕಾಗುತ್ತದೆ. ಒಂದು ಜೊತೆ ಹೆಡ್‌ಫೋನ್ ಇಟ್ಟರೆ ಸಾಕು.

ಕಿವಿ ಕೇಳದ ಆ ಹುಡುಗನ ಬಗ್ಗೆ ಹೇಳಬೇಕು. ಅವನು ಯಾರಿಗೂ ಕಾಣದ ಹಾಗೆ ಹಿಂದೆ ಉಳಿಯುವ ಅಪಾಯ ಹೆಚ್ಚು. ತಲೆ ಆಡಿಸುತ್ತಾನೆ, ನಗುತ್ತಾನೆ, ತಿಳಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಮೊದಲು ಅವನನ್ನೇ ಕೇಳಿ: ನಿನಗೆ ಓದುವುದು ಸುಲಭವೋ, ತುಟಿ ನೋಡುವುದೋ, ಸನ್ನೆ ಭಾಷೆಯೋ? ಚಿಕ್ಕಂದಿನಿಂದ ಸನ್ನೆ ಭಾಷೆಯಲ್ಲಿ ಬೆಳೆದವರಿಗೆ ಬರೆದ ಕನ್ನಡ ಎರಡನೆಯ ಭಾಷೆ. ಉದ್ದ ವಾಕ್ಯ ಕೊಟ್ಟರೆ ಅವರಿಗೆ ಭಾರ. ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ. ಆ ದಿನದ ಮುಖ್ಯ ಪದಗಳನ್ನು ತರಗತಿಗೆ ಮುಂಚೆ ಸಂದೇಶದಲ್ಲಿ ಕಳಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಉಚಿತ ಆ್ಯಪ್ ಇದೆ. ಮಾತನ್ನು ಕೇಳಿ ಆಗಲೇ ಅಕ್ಷರ ಮಾಡುತ್ತದೆ, ಕನ್ನಡದಲ್ಲೂ. ಫೋನನ್ನು ನಿಮ್ಮ ಮೇಜಿನ ಮೇಲೆ, ಬಾಯಿಗೆ ಹತ್ತಿರ ಇಡಬೇಕು. ನಮ್ಮ ತರಗತಿಗಳಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ಇಂಗ್ಲಿಷ್, ಕೊಂಕಣಿ ಮೂರೂ ಬರುತ್ತವೆ. ಆಗ ಅದು ಎಡವುತ್ತದೆ. ಹೆಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗಲೂ ಅಷ್ಟೇ. ಅದಕ್ಕೆ ಇದು ಊರುಗೋಲು ಇದ್ದ ಹಾಗೆ, ನಿಮ್ಮ ನೋಟ್ಸಿಗೆ ಬದಲಿ ಆಗುವುದಿಲ್ಲ.

ವಿಡಿಯೊ ತೋರಿಸುವುದಾದರೆ ಕೆಳಗೆ ಅಕ್ಷರ ಇರಬೇಕು. ತಾನಾಗಿ ಬರುವ ಅಕ್ಷರಗಳನ್ನು ಒಮ್ಮೆ ಓದಿ ತಿದ್ದಿ. ಯಕ್ಷಗಾನದ ಪ್ರಸಂಗ ತೋರಿಸುತ್ತೀರಿ ಅಂದರೆ ಭಾಗವತರ ಪದ್ಯವನ್ನು ಟೈಪ್ ಮಾಡಿ ಮೊದಲೇ ಕೊಡಿ. ಅವನಿಗೆ ಕುಣಿತ, ವೇಷ ಕಾಣುತ್ತದೆ. ಪದ್ಯ ಕೈಯಲ್ಲಿದ್ದರೆ ಕಥೆ ಕೂಡುತ್ತದೆ. ಆ ಪದ್ಯದ ಹಾಳೆ ಉಳಿದ ಮಕ್ಕಳೂ ಕೇಳುತ್ತಾರೆ, ನೋಡಿ.

ಓದಲು, ಕಾಗುಣಿತಕ್ಕೆ ತೊಡಕಿರುವ ಕಲಿಕಾ ನ್ಯೂನತೆಯವರು, ಕೈ ನಡುಗುವವರು, ಒಂದೇ ಕೈಯಲ್ಲಿ ಕೆಲಸ ಮಾಡುವವರು ನಿಮ್ಮಲ್ಲಿ ಖಂಡಿತ ಇದ್ದಾರೆ, ಹೇಳಿಕೊಂಡಿಲ್ಲ ಅಷ್ಟೇ. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಇರಲಿ, ಆನ್‌ಲೈನ್ ಅರ್ಜಿ ತುಂಬಲು ಸಮಯ ಸಾಕಷ್ಟು ಇರಲಿ.

ವೆಬ್‌ಸೈಟ್ ವಿಷಯ. ನೀವೇ ಹತ್ತು ನಿಮಿಷದಲ್ಲಿ ನೋಡಬಹುದು. ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿ ಮಾತ್ರ ಒತ್ತುತ್ತಾ ಹೋಗಿ. ಈಗ ಎಲ್ಲಿದ್ದೇನೆ ಎಂದು ಕಾಣುತ್ತದೆಯಾ? ಅರ್ಜಿ ಸಲ್ಲಿಸುವ ಗುಂಡಿ ತನಕ ಹೋಗಲು ಬರುತ್ತದೆಯಾ? ಪುಟವನ್ನು ಎರಡು ಪಟ್ಟು ಹಿಗ್ಗಿಸಿದರೆ ಅಕ್ಷರ ಒಂದರ ಮೇಲೊಂದು ಬೀಳುತ್ತದೆಯಾ? ನಮ್ಮ ಕರಾವಳಿ ಕಾಲೇಜುಗಳಿಗೆ ಕಡಲಿನ ಫೋಟೊ ಮೇಲೆ ಬಿಳಿ ಅಕ್ಷರ ಹಾಕುವುದು ಇಷ್ಟ. ನೊರೆಯ ಮೇಲೆ ಬಿಳಿ ಅಕ್ಷರ ಯಾರಿಗೂ ಕಾಣುವುದಿಲ್ಲ, ಮಂದದೃಷ್ಟಿಯವರಿಗಂತೂ ಇಲ್ಲವೇ ಇಲ್ಲ. ಜಾಗತಿಕ ಮಾನದಂಡ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಕೇಳುತ್ತದೆ. ಬಣ್ಣ ಕೊಟ್ಟರೆ ಅಳೆದು ಹೇಳುವ ಉಚಿತ ಸಾಧನಗಳಿವೆ.

‘ಒಂದು ಸಾಲು ಕೋಡ್ ಹಾಕಿ, ನಿಮ್ಮ ಸೈಟ್ ಪೂರ್ತಿ ಸುಗಮ್ಯ’ ಎಂದು ಮಾರುವವರು ಬರುತ್ತಾರೆ. ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರ ಬರುತ್ತದೆ, ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಒಳಗಿನ ಫೋಟೊ ನೋಟೀಸು ಹಾಗೇ ಇರುತ್ತದೆ. ಇಂಥ ಸುಳ್ಳು ಭರವಸೆ ಕೊಟ್ಟ ಒಂದು ಕಂಪನಿಗೆ ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ಕಟ್ಟುವಂತೆ ಮಾಡಿತು. ನಿಮ್ಮ ಸಣ್ಣ ಬಜೆಟ್ಟನ್ನು ಅದಕ್ಕೆ ಸುರಿಯಬೇಡಿ. ಹೊಸ ವೆಬ್‌ಸೈಟ್ ಮಾಡಿಸುವಾಗ ಕರಾರಿನಲ್ಲೇ ಬರೆಸಿ: ಸರ್ಕಾರಿ ವೆಬ್‌ಸೈಟ್‌ಗಳ ಮಾರ್ಗಸೂಚಿ ಜಿಐಜಿಡಬ್ಲ್ಯು 3.0 ಮತ್ತು ಭಾರತೀಯ ಮಾನಕ ಐಎಸ್ 17802 ಪ್ರಕಾರ ಇರಬೇಕು, ಕೊನೆಯ ಕಂತಿನ ಹಣ ಸ್ಕ್ರೀನ್ ರೀಡರ್ ಬಳಸುವವರು ಪರೀಕ್ಷಿಸಿದ ಮೇಲೆ. ಈ ಕೊನೆಯ ಸಾಲಿಗೆ ಬಹಳ ಬಲವಿದೆ.

ಪ್ರಾಂಶುಪಾಲರ ಮೇಜಿನ ಮೇಲೆ ಇಡಲು ಕಾನೂನಿನ ಮಾತು ಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವವರಿಗೆ ಕನಿಷ್ಠ ಶೇ. 5 ಸೀಟು ಕೊಡಬೇಕು. ಸೀಟು ಕೊಟ್ಟ ಮೇಲೆ ಪಾಠವೂ ತಲುಪಬೇಕು ತಾನೇ? ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳು ಬೇಕು ಎಂದಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳು ಕೈಗೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಇವನ್ನು ಒಂದು ಪುಟದಲ್ಲಿ ಬರೆದು ಕೊಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೂಡ ವಿಕಲಚೇತನರಿಗೆ ಏನು ಸೌಲಭ್ಯ ಇದೆ ಎಂದು ಕೇಳುತ್ತದೆ ಎಂದು ಸೇರಿಸಿ. ಅದರಿಂದಲಾದರೂ ಕೆಲಸ ಬೇಗ ಆಗುತ್ತದೆ. ಆದರೆ ಸಹೋದ್ಯೋಗಿಗಳ ಹತ್ತಿರ ಕಾನೂನಿನಿಂದ ಮಾತು ಶುರು ಮಾಡಬೇಡಿ. ಹೆದರಿ ಮಾಡಿದ ಕೆಲಸ ತಪಾಸಣೆ ಮುಗಿದ ದಿನವೇ ನಿಲ್ಲುತ್ತದೆ.

ಅವಳ ಬಗ್ಗೆ ಒಂದು ಕೋರಿಕೆ. ಕಡತ ಓದಲು ಬರುತ್ತದೆಯಾ ಎಂದು ಅವಳನ್ನು ಕೇಳಿ, ಆದರೆ ಎಲ್ಲರ ಕಡತವನ್ನೂ ಪರೀಕ್ಷಿಸುವ ಕೆಲಸವನ್ನು ಅವಳ ಮೇಲೆ ಹೊರಿಸಬೇಡಿ. ಅವಳು ಓದಲು ಬಂದವಳು. ಫೋನಿನಲ್ಲಿ ಕನ್ನಡ ಧ್ವನಿ ಹಾಕಿಕೊಂಡಿದ್ದಾಳಾ ಎಂದು ಒಮ್ಮೆ ಕೇಳಿ ನೋಡಿ. ಇಂಗ್ಲಿಷ್ ಧ್ವನಿ ಮಾತ್ರ ಇದ್ದರೆ ಕನ್ನಡ ಸಾಲುಗಳು ಹಾರಿಹೋಗುತ್ತವೆ. ಒಂದು ವರ್ಡ್ ಕಡತ ಕೊಡಲು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಕೇಳಬೇಡಿ. ಡಿಸೆಂಬರ್ 3ರ ವೇದಿಕೆಗೆ ಅವಳನ್ನು ಹತ್ತಿಸಿ ಶಾಲು ಹೊದಿಸುವ ಯೋಚನೆ ಇದ್ದರೆ ಮೊದಲು ಅವಳಿಗೆ ಇಷ್ಟವೇ ಎಂದು ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ನನ್ನನ್ನು ಹೀಗೆ ಎಷ್ಟೋ ವೇದಿಕೆಗೆ ಹತ್ತಿಸಿದ್ದಾರೆ. ಹಾಡು ಹಾಡಿಸಿದ್ದಾರೆ. ನನಗೆ ಅವತ್ತು ಬೇಕಾಗಿದ್ದದ್ದು ಅರ್ಥಶಾಸ್ತ್ರದ ನೋಟ್ಸು.

ಇನ್ನು ಡಿಸೆಂಬರ್ 3. ಕಾರ್ಯಕ್ರಮ ಮಾಡಿ. ಆಮಂತ್ರಣವನ್ನು ಅಕ್ಷರದಲ್ಲಿ ಕಳಿಸಿ, ಮಾತನಾಡುವವರ ಟಿಪ್ಪಣಿಯನ್ನು ಆ ಹುಡುಗನಿಗೆ ಮೊದಲೇ ಕೊಡಿ. ಅವತ್ತು ಭಾಷಣ ಒಂದೇ ಸಾಕು. ಉಳಿದ ಹೊತ್ತಿಗೆ ಲ್ಯಾಬ್ ತೆರೆದಿಡಿ. ಪ್ರತಿಯೊಬ್ಬ ಉಪನ್ಯಾಸಕರೂ ತಮ್ಮ ಒಂದು ಕಡತ ತರಲಿ, ಯುನಿಕೋಡ್ ಮಾಡಿ, ಹೆಡಿಂಗ್ ಹಾಕಿ, ಎನ್‌ವಿಡಿಎಯಲ್ಲಿ ಕೇಳಿ ಮನೆಗೆ ಹೋಗಲಿ. ಪರೀಕ್ಷಾ ವಿಭಾಗದವರನ್ನು ಮರೆಯದೆ ಕರೆಯಿರಿ. ಕೇಂದ್ರದ ಮಾರ್ಗಸೂಚಿಯಂತೆ ಅವಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಇದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಅದು ಅವರಿಗೆ ಪರೀಕ್ಷೆಯ ದಿನ ಬೆಳಗ್ಗೆ ತಿಳಿಯುವುದು ಬೇಡ.

ಆ ದಿನದ ಮೊದಲ ಕಡತ ಪರೀಕ್ಷಾ ವೇಳಾಪಟ್ಟಿಯೇ ಆಗಲಿ. ಕೋಷ್ಟಕದಲ್ಲಿ ಮನೆಗಳನ್ನು ಒಂದಕ್ಕೊಂದು ಬೆಸೆಯಬೇಡಿ. ಬೆಸೆದರೆ ಯಾವ ವಿಷಯ ಯಾವ ದಿನ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಪ್ರತಿ ಸಾಲಿನಲ್ಲೂ ದಿನಾಂಕ, ವಾರ, ಸಮಯ, ವಿಷಯ ಪೂರ್ತಿ ಬರೆಯಿರಿ. ಬೋರ್ಡಿಗೆ ಅಂಟಿಸುವ ಮೊದಲು ಅವಳ ಫೋನಿಗೆ ಕಳಿಸಿ. ಎರಡನೇ ಪತ್ರಿಕೆ ಯಾವತ್ತು ಎಂದು ಕೇಳಿ. ಅವಳು ಯಾರ ಸಹಾಯವೂ ಇಲ್ಲದೆ ಹೇಳಿದರೆ ಅಂಟಿಸಿ.